ಎರಡನೇ ಬ್ಯಾಟರಿ

ಆಗಸ್ಟ್ 10, ಭಾನುವಾರ

ಇವತ್ತೂ ಟಾರ್ಚ್ ಹಿಡಿದೆ. ಒಂದೂವರೆ ಗಂಟೆ. ಭುಜ ಬಿದ್ದುಹೋಗಿದೆ.

"ಸ್ವಲ್ಪ ಮೇಲೆ ಹಿಡಿ ವರೂ. ಹಂಗೆ. ಸಾಕು ಸಾಕು," ಅಂತ ಇವರು ವ್ಯಾನಿನೊಳಗೆ ಮಂಡಿಯೂರಿಕೊಂಡು ಸಣ್ಣ ದನಿಯಲ್ಲಿ ಹೇಳುತ್ತಿದ್ದರು. ಬೈದಿದ್ದರೆ ನಾನೂ ತಿರುಗಿಸಿ ಬೈಯಬಹುದಿತ್ತು. ಇವರು ಬೈಯುವವರಲ್ಲ. ಅದೇ ನನಗೆ ಮೈ ಉರಿಸುವುದು.

ಇದನ್ನೆಲ್ಲ ಯಾರ ಹತ್ತಿರ ಹೇಳಿಕೊಳ್ಳಲಿ? ಅದಕ್ಕೇ ಬ್ಲೌಸ್ ಅಳತೆ ಬರೆಯುವ ಪುಸ್ತಕವನ್ನು ತಿರುವಿ ಹಾಕಿ ಹಿಂದಿನಿಂದ ಬರೆಯಲು ಶುರು ಮಾಡಿದ್ದೇನೆ. ಈ ಪುಸ್ತಕವನ್ನು ನಾನಲ್ಲದೆ ಇನ್ನೊಬ್ಬರು ಮುಟ್ಟುವುದಿಲ್ಲ.

ಮೂವತ್ತೊಂದು ವರ್ಷ ವೈರ್‌ಮನ್ ಕೆಲಸ ಮಾಡಿದವರು ಇವರು. ವೈರ್‌ಮನ್ ಸುಬ್ರಮಣಿ ಅಂದರೆ ಸಾಕು, ಬಸವೇಶ್ವರನಗರದಲ್ಲಿ ಯಾರು ಬೇಕಾದರೂ ನಮ್ಮ ಮನೆ ತೋರಿಸುತ್ತಾರೆ. ಅರ್ಧ ಬಡಾವಣೆಯ ಗೋಡೆಗಳೊಳಗೆ ಇವರು ಎಳೆದ ವೈರಿದೆ. ಒಂದು ಭಾನುವಾರವೂ ಮನೆಯಲ್ಲಿದ್ದವರಲ್ಲ. ಊರಿನ ಬೆಲ್‌ಗಳನ್ನೆಲ್ಲ ರಿಪೇರಿ ಮಾಡಿದವರ ಮನೆಯ ಕಾಲಿಂಗ್ ಬೆಲ್ ಕೆಟ್ಟು ನಾಲ್ಕು ವರ್ಷ. "ಏಣಿ ಇಳಿದ ಮೇಲೆ ನಿನ್ನನ್ನ ಊರೂರು ಸುತ್ತಿಸ್ತೀನಿ, ಕೆರೆ ದಡದಲ್ಲಿ ಮಲಗೋಣ" ಅಂತ ಮದುವೆಯಾದ ಹೊಸದರಲ್ಲಿ ಹೇಳಿದ್ದರು. ಹೋದ ವರ್ಷ ಏಣಿಯಿಂದ ಇಳಿಯಲಿಲ್ಲ, ಬಿದ್ದರು. ಆವತ್ತಿನಿಂದ ಬಲಗೈ ಬೆರಳು ನಡುಗುತ್ತವೆ. ಇನ್ನು ಏಣಿ ಮುಟ್ಟಬಾರದು ಅಂದರು ಡಾಕ್ಟರು. ಆರು ತಿಂಗಳು ಬಾಗಿಲಲ್ಲಿ ಕೂತು ಹೋಗುವ ಬರುವ ಸ್ಕೂಟರ್ ನೋಡಿದರು. ಆಮೇಲೆ ಈ ಹಳೇ ಡಬ್ಬಾ ವ್ಯಾನನ್ನು ತಂದು ಮನೆ ಮುಂದೆ ನಿಲ್ಲಿಸಿದರು.

ಹಿಂದಿನ ಸೀಟು ಕಿತ್ತು ಹಲಗೆ ಹೊಡೆದು ಮಂಚ ಮಾಡಿಯಾಯಿತು. ಈಗ ಎರಡನೇ ಬ್ಯಾಟರಿ. ಗಾಡಿಯ ಬ್ಯಾಟರಿ ಸ್ಟಾರ್ಟ್ ಮಾಡುವುದಕ್ಕಷ್ಟೇ. ಕ್ಯಾಂಪಿಗೆ ಹೋಗಿ ಮಲಗಿದಾಗ ಲೈಟು, ಫ್ಯಾನು, ಪುಟ್ಟ ಫ್ರಿಜ್ಜು ಎಲ್ಲ ಎರಡನೆಯದರಿಂದ. ಇಲ್ಲದಿದ್ದರೆ ಬೆಳಿಗ್ಗೆ ಗಾಡಿ ಎದ್ದೇಳುವುದಿಲ್ಲವಂತೆ.

"ಇದೊಂದು ನನ್ನ ಕೈಯಾರೆ ಮಾಡಿ ಮುಗಿಸ್ಬೇಕು ವರೂ. ಈ ಕೈಗೆ ಇನ್ನೂ ಕೆಲಸ ಬರುತ್ತೆ ಅಂತ ನಂಗೆ ಗೊತ್ತಾಗ್ಬೇಕು, ಅಷ್ಟೇ," ಅಂದರು.

ನನಗೆ ಏಳು ಬ್ಲೌಸ್ ಬಾಕಿ ಇವೆ. ಅದು ಇವರಿಗೆ ಗೊತ್ತಾಗಬೇಕಾದ ವಿಷಯವಲ್ಲ.

ಆಗಸ್ಟ್ 24, ಭಾನುವಾರ

ಮಹಡಿ ಮೇಲಿನ ಪೋರ್ಷನ್ನಿನ ಲಕ್ಷ್ಮವ್ವ ಇಳಿದು ಬಂದು ವ್ಯಾನಿನ ಸುತ್ತ ಒಂದು ಸುತ್ತು ಹಾಕಿದಳು. ಗದಗದ ಕಡೆಯವಳು, ಬಂದು ಎರಡು ವರ್ಷವಾಯಿತು, ಬಾಯಿ ಇನ್ನೂ ಊರಲ್ಲೇ ಇದೆ.

"ಯಕ್ಕಾ, ನಿಮ್ಮ ಮನ್ಯಾವ್ರು ಭಾಳ ಚಂದ ಮಾಡ್ಯಾರ್ರಿ. ನಮ್ಮನ್ಯಾಗ ಒಂದು ಬಲ್ಬ್ ಹಾಕ್ರಿ ಅಂದ್ರ ಮೂರು ದಿನ ಮುಖ ನೋಡ್ತಾರ."

"ಬೇಕಾದ್ರೆ ಕರ್ಕೊಂಡು ಹೋಗು," ಅಂದೆ. ಅವಳು ನಕ್ಕಳು. ಇವರೂ ವ್ಯಾನಿನೊಳಗಿಂದ ನಕ್ಕರು. ನಾನು ನಗುವುದಕ್ಕೆ ಹೇಳಿದ ಮಾತಲ್ಲ ಅದು.

ಸೆಪ್ಟೆಂಬರ್ 7, ಭಾನುವಾರ

ಇವರ ಕೈಗೆ ಸಣ್ಣ ಸ್ಕ್ರೂ ಸಿಗುತ್ತಿಲ್ಲ. ಮೂರು ಸಲ ಬಿತ್ತು. ಮೂರನೆಯದು ಹಲಗೆ ಸಂದಿಗೆ ಹೋಯಿತು. ಕೊನೆಗೆ ನಾನೇ ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು ಕೂರಿಸಿದೆ. ಅರ್ಧ ನಿಮಿಷದ ಕೆಲಸ.

"ಸೂಜಿ ಹಿಡಿದ ಕೈ ಅದು," ಅಂದರು.

ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಆದರೆ ಮೂವತ್ತೊಂದು ವರ್ಷದಲ್ಲಿ ಇದೇ ಮೊದಲ ಸಲ ಆ ಕೈಯನ್ನು ನೋಡಿದರಲ್ಲ ಅಂತ ಸಿಟ್ಟೂ ಬಂತು. ಸಿಟ್ಟೇ ಹೆಚ್ಚು ಹೊತ್ತು ಉಳಿಯಿತು.

ಸೆಪ್ಟೆಂಬರ್ 14, ಭಾನುವಾರ

ಇವತ್ತು ಪರೀಕ್ಷೆ. ಇಂಜಿನ್ ಸ್ಟಾರ್ಟ್ ಮಾಡಿದರು, ಮುಂದಿನಿಂದ ಹಿಂದಿನ ಬ್ಯಾಟರಿಗೆ ಚಾರ್ಜ್ ಹೋಗಬೇಕು. ಕಾಲು ಗಂಟೆಗೆ ವಾಸನೆ ಬಂತು, ಇಸ್ತ್ರಿ ಪೆಟ್ಟಿಗೆ ಕೆಳಗೆ ನೈಲಾನ್ ಸೀರೆ ಸಿಕ್ಕಿದರೆ ಬರುತ್ತದಲ್ಲ, ಆ ವಾಸನೆ. ವೈರ್ ಮುಟ್ಟಿದೆ, ಸುಟ್ಟಿತು. ಇವರು ತಟಕ್ಕನೆ ಇಂಜಿನ್ ಆಫ್ ಮಾಡಿದರು.

"ಗೀಸರ್‌ಗೇ ತಡೆಯೋ ವೈರ್ ಇದು," ಅಂದರು. ಇನ್ನೊಂದು ಸಲ ಅದನ್ನೇ ಅಂದರು. ಆಮೇಲೆ ಸಂಜೆಯವರೆಗೆ ವ್ಯಾನಿನ ಮೆಟ್ಟಿಲ ಮೇಲೆ ಆ ವೈರ್ ತುಂಡನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

ಸೆಪ್ಟೆಂಬರ್ 19, ಶುಕ್ರವಾರ

ಲೈನಿಂಗ್ ಬಟ್ಟೆ ತರುತ್ತೇನೆಂದು ಹೇಳಿ ಸ್ಕೂಟರ್ ತೆಗೆದುಕೊಂಡು ನಾಯಂಡಹಳ್ಳಿಗೆ ಹೋದೆ. ಅಲ್ಲಿ ಗಾಡಿಗಳ ಎಲೆಕ್ಟ್ರಿಕ್ ಕೆಲಸ ಮಾಡುವ ಅರುಣ್ ಕುಮಾರ್ ಅಂತ ಒಬ್ಬನ ಅಂಗಡಿ ಇದೆ. ಫೋನಿನಲ್ಲಿ ತೆಗೆದಿದ್ದ ವ್ಯಾನಿನ ವೈರಿಂಗ್ ಫೋಟೋ ತೋರಿಸಿದೆ.

"ಇದು ಮನೆ ವೈರಿಂಗ್ ಮಾಡೋರು ಮಾಡಿರೋದು ಅಲ್ವಾ ಆಂಟಿ?" ಅಂದ ನೋಡಿದ ತಕ್ಷಣ.

"ಹೆಂಗೆ ಗೊತ್ತಾಯ್ತು?"

"ಎರಡು ಕಡೆ ಗೊತ್ತಾಗುತ್ತೆ. ಮನೇಲಿ ಇನ್ನೂರಮೂವತ್ತು ವೋಲ್ಟು, ಗಾಡೀಲಿ ಹನ್ನೆರಡು. ಅದೇ ಕೆಲಸಕ್ಕೆ ಇಲ್ಲಿ ಹೆಚ್ಚುಕಮ್ಮಿ ಇಪ್ಪತ್ತು ಪಟ್ಟು ಕರೆಂಟ್ ಎಳೆಯುತ್ತೆ. ಗೀಸರ್ ವೈರು ಇಲ್ಲಿ ನೂಲು ಇದ್ದಂಗೆ. ಇನ್ನೊಂದು, ಫ್ಯೂಸ್ ನೋಡಿ ಎಲ್ಲಿಟ್ಟಿದಾರೆ, ಹಿಂದುಗಡೆ ಸ್ವಿಚ್ ಬೋರ್ಡಲ್ಲಿ. ಮನೇಲಿ ಬೋರ್ಡಲ್ಲೇ ಇಡೋದು. ಗಾಡೀಲಿ ಬ್ಯಾಟ್ರಿ ಪಕ್ಕದಲ್ಲೇ ಇರ್ಬೇಕು, ಎರಡೂ ಬ್ಯಾಟ್ರಿಗೆ ಒಂದೊಂದು. ಮಧ್ಯ ದಾರೀಲಿ ವೈರ್ ಉಜ್ಜಿ ಗಾಡಿ ತಗಡಿಗೆ ತಾಗ್ತು ಅನ್ಕೊಳಿ, ತಡೆಯೋರು ಯಾರಿದಾರೆ? ಬೆಂಕಿನೇ."

ಆಮೇಲೆ ಅಂದ, "ತಪ್ಪು ಅನ್ಬೇಡಿ ಆಂಟಿ. ಮನೆ ವೈರಿಂಗ್ ಚೆನ್ನಾಗಿ ಗೊತ್ತಿರೋರೇ ಮೊದ್ಲ ಸಲ ಹಿಂಗ್ ಮಾಡೋದು."

ಆ ಕೊನೆಯ ಮಾತು ನನಗೆ ಬೇಕಿರಲಿಲ್ಲ.

ಒಂದು ಗಂಟೆ ಅಲ್ಲೇ ಸ್ಟೂಲ್ ಹಾಕಿಸಿಕೊಂಡು ಕೂತು, ದಪ್ಪ ವೈರಿನ ತುದಿ ಸುಲಿದು ಲಗ್ ಅನ್ನುವ ತಾಮ್ರದ ತುಂಡು ಹಾಕಿ ಅದುಮುವುದನ್ನು ನೋಡಿದೆ. ಎರಡು ನಾನೇ ಮಾಡಿದೆ. ಹುಕ್ಸ್ ಹಾಕುವುದಕ್ಕಿಂತ ಸುಲಭ. ಮನೆಗೆ ಬಂದು ಇವರಿಗೆ ಏನೂ ಹೇಳಲಿಲ್ಲ. ಇವರ ಕೆಲಸದಲ್ಲಿ ಇವರಿಗೆ ಗೊತ್ತಿಲ್ಲದ ಒಂದು ಸಂಗತಿ ನನಗೆ ಗೊತ್ತಿದೆ. ಸ್ವಲ್ಪ ದಿನ ನನ್ನ ಹತ್ತಿರವೇ ಇರಲಿ.

ಸೆಪ್ಟೆಂಬರ್ 30, ಮಂಗಳವಾರ

ಬೆಳಿಗ್ಗೆ ಕಾಲಿಂಗ್ ಬೆಲ್ ಬಡಿದುಕೊಂಡಿತು. ನಾಲ್ಕು ವರ್ಷದ ಮೇಲೆ ಆ ಸದ್ದು ಕೇಳಿ ಕತ್ತರಿ ಕೈಬಿಟ್ಟೆ. ಬಾಗಿಲು ತೆರೆದರೆ ಇವರೇ ನಿಂತಿದ್ದಾರೆ, ನಗುತ್ತಾ.

"ನಾಳೆ ಆಯುಧ ಪೂಜೆ. ಹುಡುಗ್ರು ಬರ್ತಾರೆ. ಅದಕ್ಕೇ," ಅಂದರು. ಹುಡುಗರು ಅಂದರೆ ಮುನಿರಾಜು ಮತ್ತು ಅವನ ಜೊತೆಯ ಇಬ್ಬರು. ಒಂದು ಕಾಲಕ್ಕೆ ಇವರ ಏಣಿ ಹಿಡಿದು ಕೆಲಸ ಕಲಿತವರು. ಈಗ ಐವತ್ತರ ಹತ್ತಿರ ಬಂದಿದ್ದಾರೆ, ಮುನಿರಾಜು ದೊಡ್ಡ ಕಂಟ್ರಾಕ್ಟರ್. ಆದರೂ ಪ್ರತಿ ವರ್ಷ ಹಣ್ಣು ಹಿಡಿದುಕೊಂಡು ಬಂದು ಮೇಷ್ಟ್ರೇ ಅಂತ ಕಾಲು ಮುಟ್ಟುತ್ತಾರೆ. ಏಣಿಯಿಂದ ಬಿದ್ದ ಮೇಲೆ ಇವರು ವರ್ಷವಿಡೀ ಕಾಯುವುದು ಆ ಒಂದು ದಿನಕ್ಕೆ.

ಮಧ್ಯಾಹ್ನ ವ್ಯಾನ್ ಗುಡಿಸುವಾಗ ಮಂಚದ ಕೆಳಗೆ ಒಂದು ಚೀಲ ಸಿಕ್ಕಿತು. ಬೆರಳು ದಪ್ಪದ ಕೆಂಪು ಕೇಬಲ್, ಎರಡು ಫ್ಯೂಸ್ ಹೋಲ್ಡರ್. ಅಂದರೆ ಇವರಿಗೂ ತಿಳಿದಿದೆ. ಎಲ್ಲೋ ಕೇಳಿದ್ದಾರೆ, ಇಲ್ಲವೇ ತಾವೇ ಯೋಚಿಸಿ ಕಂಡುಹಿಡಿದಿದ್ದಾರೆ.

ಚೀಲವನ್ನು ಇದ್ದ ಜಾಗದಲ್ಲೇ ಇಟ್ಟೆ. ತಪ್ಪಾಯಿತು ಅಂತ ನನ್ನ ಹತ್ತಿರ ಒಂದು ಮಾತು ಹೇಳಬೇಕಿತ್ತು. ಟಾರ್ಚ್ ಹಿಡಿಯುವುದಕ್ಕೆ ಮಾತ್ರ ನಾನು ಬೇಕು.

ಅಕ್ಟೋಬರ್ 1, ಬುಧವಾರ

ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ವ್ಯಾನಿಗೆ ಬಾಳೆಕಂದು ಕಟ್ಟಿ, ಸೇವಂತಿಗೆ ಹಾರ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಾಗಿತ್ತು. ಮುಂದೆ ಚಾಪೆಯ ಮೇಲೆ ಇವರ ಟೂಲ್ಸ್ ಸಾಲಾಗಿ: ಟೆಸ್ಟರ್, ಕಟಿಂಗ್ ಪ್ಲೇಯರ್, ಸುತ್ತಿಗೆ, ಲಗ್ ಅದುಮುವ ದೊಡ್ಡ ಇಕ್ಕಳ. ಎಲ್ಲಕ್ಕೂ ಎಣ್ಣೆ ಸವರಿ ಕುಂಕುಮ ಇಟ್ಟಿದ್ದರು. ಒಳಗೆ ನನ್ನ ಹೊಲಿಗೆ ಮಿಷನ್ನಿಗೂ ಹೂವು.

ಬೆಲ್ ಆಯಿತು. ಮುನಿರಾಜು ಬಂದ, ಜೊತೆಗೆ ಆ ಇಬ್ಬರು. ಕಾಲು ಮುಟ್ಟಿದರು, ಹಣ್ಣಿನ ತಟ್ಟೆ ಕೊಟ್ಟರು. ಇವರು ವ್ಯಾನಿನ ಬಾಗಿಲು ತೆರೆದು ತೋರಿಸಿದರು. ಮುನಿರಾಜು ತಲೆ ಒಳಗೆ ಹಾಕಿ, "ಮೇಷ್ಟ್ರೇ, ಏನ್ ಕ್ಲೀನಾಗಿದೆ ಲೈನು. ನಮ್ ಹುಡುಗ್ರನ್ನ ಕರ್ಕೊಂಡ್ ಬಂದು ತೋರಿಸ್ಬೇಕು," ಅಂದ. ಇವರು ಏನೋ ಹೇಳಲು ಬಾಯಿ ತೆರೆದರು.

ನಾನು ಕಾಫಿ ತಟ್ಟೆ ಕೆಳಗಿಟ್ಟು, "ಫ್ಯೂಸ್ ಎಲ್ಲಿದೆ ನೋಡು ಮುನಿರಾಜು," ಅಂದೆ.

ಎಲ್ಲ ಹೇಳಿದೆ. ವೋಲ್ಟು, ಕರೆಂಟು, ನೂಲಿನಂಥ ವೈರು, ಬ್ಯಾಟರಿ ಪಕ್ಕದಲ್ಲಿ ಇರಬೇಕಾದ ಫ್ಯೂಸ್ ಬೋರ್ಡಲ್ಲಿರುವುದು. ಅರುಣ್ ಕುಮಾರ್ ಹೇಳಿದ್ದು ಒಂದಕ್ಷರ ಬಿಡದೆ ನೆನಪಿತ್ತು, ಅವನ ಕೊನೆಯ ಮಾತೊಂದನ್ನು ಬಿಟ್ಟು.

"ಎರಡು ವಾರದ ಹಿಂದೆ ವೈರ್ ಬೆಂದು ವಾಸನೆ ಬಂದಿತ್ತು. ಹೇಳಿದ್ರಾ ನಿಮ್ ಮೇಷ್ಟ್ರು? ಇದರೊಳಗೆ ಮಲಗಿದ್ರೆ ನಾವಿಬ್ರೂ ಬೂದಿ ಆಗ್ತಿದ್ವಿ. ಇದೇ ಕೈಯಲ್ಲಿ ಊರಿಗೆಲ್ಲ ವೈರಿಂಗ್ ಮಾಡಿದಾರೆ. ಯಾರ ಮನೆ ಗೋಡೆಯೊಳಗೆ ಏನಿದೆಯೋ."

ಆ ಕೊನೆಯ ಮಾತು ನಾನು ಮೊದಲೇ ಯೋಚಿಸಿಕೊಂಡಿದ್ದಲ್ಲ. ಬಂತು, ಅಂದೆ.

ಮೂವರೂ ನೆಲ ನೋಡಿದರು. ಮುನಿರಾಜುವಿನ ಮುಖ ನೋಡಿದರೆ ಅವನಿಗೂ ಫ್ಯೂಸಿನ ವಿಷಯ ಗೊತ್ತಿರಲಿಲ್ಲ ಅನ್ನಿಸಿತು.

"ಗೊತ್ತಾಯ್ತು ವರೂ," ಅಂದರು ಇವರು. "ನಾಳೆ ಬದಲಾಯಿಸೋಣ ಅಂತಿದ್ದೆ. ಸಾಮಾನು ತಂದಿಟ್ಟಿದೀನಿ."

ಚೀಲವನ್ನು ನಾನು ನೋಡಿಯೇ ಇಲ್ಲವೆನ್ನುವ ಹಾಗೆ, "ಈಗ ಹೇಳ್ತಿದೀರ," ಅಂದೆ. "ನಾಳೆ ಯಾಕೆ, ಇವತ್ತೇ ಆಗ್ಲಿ." ಚಾಪೆಯಿಂದ ಇಕ್ಕಳ ಎತ್ತಿಕೊಂಡೆ.

"ಬೇಡ ವರೂ. ಪೂಜೆಗಿಟ್ಟಿರೋದು. ಇವತ್ತೊಂದಿನ ಅವಕ್ಕೆ ರಜ. ಇವತ್ತು ಮುಟ್ಬಾರದು."

"ನಂಗೆ ಮೂವತ್ತೊಂದು ವರ್ಷದಲ್ಲಿ ಎಷ್ಟು ದಿನ ರಜ ಕೊಟ್ರಿ?"

ಸೆರಗಿನಿಂದ ಕುಂಕುಮ ಒರೆಸಿ ವ್ಯಾನ್ ಹತ್ತಿದೆ. ಮುನಿರಾಜು ಮತ್ತವರು ಕಾಫಿ ಕುಡಿಯದೆ ಹೊರಟರು. ಸಂಜೆ ಐದಕ್ಕೆ ಮುಗಿಯಿತು. ದಪ್ಪ ಕೇಬಲ್ ಎಳೆದು, ಎರಡು ಬ್ಯಾಟರಿಯ ಪಕ್ಕದಲ್ಲೂ ಫ್ಯೂಸ್ ಕೂರಿಸಿ, ಇಂಜಿನ್ ಅರ್ಧ ಗಂಟೆ ಓಡಿಸಿ ಮುಟ್ಟಿ ನೋಡಿದೆ. ಬೆಚ್ಚಗೂ ಇಲ್ಲ. ಲೈಟು ಹತ್ತಿತು, ಫ್ಯಾನು ತಿರುಗಿತು. ಅಷ್ಟು ಸಂತೋಷ ನನಗೆ ಎಷ್ಟೋ ವರ್ಷದಿಂದ ಆಗಿರಲಿಲ್ಲ.

ನಾಳೆ ಕೊಡಬೇಕಾದ ಒಂದು ಬ್ಲೌಸಿಗೆ ಅಂಚು ಹೊಲಿಯುವುದಿತ್ತು. ಹೊಲಿಯಲಿಲ್ಲ. ಮಿಷನ್ನು ಪೂಜೆಗಿಟ್ಟಿದೆ, ಇವತ್ತು ಮುಟ್ಟಬಾರದು.

ಅಕ್ಟೋಬರ್ 2, ಗುರುವಾರ

ಇವರು ಊಟ ಮಾಡಲಿಲ್ಲ. ಒಬ್ಬಟ್ಟು ಉಳಿಯಿತು. ಲಕ್ಷ್ಮವ್ವನಿಗೆ ಕೊಟ್ಟೆ.

ಅಕ್ಟೋಬರ್ 19, ಭಾನುವಾರ

ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಇವರು ಮುನಿರಾಜುವನ್ನು ಕರೆಸಿ ಟೂಲ್ಸ್ ಚೀಲವನ್ನು ಅವನಿಗೆ ಕೊಟ್ಟುಬಿಟ್ಟಿದ್ದಾರೆ. ಟೆಸ್ಟರ್ ಸಮೇತ, ಇಕ್ಕಳ ಸಮೇತ. ಮುನಿರಾಜು ಗೇಟಿನಲ್ಲಿ ಸಿಕ್ಕಿದ. ಅವನ ಕಣ್ಣು ಕೆಂಪಗಿತ್ತು.

"ಬೇಡ ಅಂದೆ ಅಕ್ಕಾ. ಕೈಗೆ ತುರುಕಿದ್ರು. ನಿಮ್ ಹತ್ರ ಇಟ್ಕೊಳಿ, ನೀವೇ ಕೇಳಿ ಅವ್ರನ್ನ," ಅಂದ.

"ಕೊಟ್ಟ ಮೇಲೆ ತಗೊಂಡ್ ಹೋಗು," ಅಂದೆ. ಮನೆಯಲ್ಲಿ ಜಾಗವಾದರೂ ಆಯಿತು.

ಇಕ್ಕಳ ಮಾತ್ರ ಇಟ್ಟುಕೊಳ್ಳಬಹುದಿತ್ತು. ವ್ಯಾನಿಗೆ ಇನ್ನೊಂದು ಲೈಟ್ ಹಾಕಬೇಕೆಂದಿದ್ದೇನೆ. ಈಗ ಹೊಸದು ತರಬೇಕು. ಏನು ಮಾಡಿದರೂ ಮುಂದಾಲೋಚನೆ ಇಲ್ಲ ಇವರಿಗೆ.

ನವೆಂಬರ್ 9, ಭಾನುವಾರ

ನಿನ್ನೆ ಹೋಗಿ ಇವತ್ತು ಬಂದೆವು. ಮಾಗಡಿ ಕಡೆ ಕೆರೆ ಪಕ್ಕದಲ್ಲೊಂದು ತೋಟ, ವ್ಯಾನ್ ನಿಲ್ಲಿಸಿ ಉಳಿಯಲು ಬಿಡುತ್ತಾರೆ. ನಾನೇ ಓಡಿಸಿದೆ. ಅಪ್ಪನ ಟೆಂಪೋವನ್ನು ಕೆಂಗೇರಿಯಿಂದ ಮಾರ್ಕೆಟ್‌ವರೆಗೆ ಓಡಿಸಿದವಳು ನಾನು, ಮದುವೆಯಾದ ಮೇಲೆ ಯಾರೂ ಕೇಳಲಿಲ್ಲ. ಕೈ ಮರೆತಿಲ್ಲ.

ಸಂಜೆ ಕೆರೆಯ ಮೇಲೆ ಬಿಸಿಲು ಇಳಿಯುವಾಗ ಕಾಫಿ ಮಾಡಿದೆ. ಫ್ರಿಜ್ಜಿನ ಹಾಲು ತಣ್ಣಗೇ ಇತ್ತು. ಪಕ್ಕದಲ್ಲಿ ಟೆಂಟ್ ಹಾಕಿದ್ದ ಹುಡುಗಿಯರು ಬಂದು ವೈರಿಂಗ್ ನೋಡಿ, "ಆಂಟಿ, ನೀವೇ ಮಾಡಿದ್ದಾ? ಸೂಪರ್," ಅಂದರು. ಒಂದೊಂದಾಗಿ ವಿವರಿಸಿದೆ. ಇವರು ಕುರ್ಚಿ ಹಾಕಿಕೊಂಡು ನೀರಿನ ಕಡೆ ಮುಖ ಮಾಡಿ ಕೂತಿದ್ದರು.

ಕತ್ತಲಾದಾಗ ಕೇಳಿದರು, "ಈ ಲೈಟ್ ಹಾಕ್ಲಾ? ಈ ಸ್ವಿಚ್ಚೇ ತಾನೇ?"

"ಹೂಂ, ಅದೇ. ಬೇರೆ ಯಾವುದೂ ಮುಟ್ಬೇಡಿ," ಅಂದೆ.

ಈಗೀಗ ಕೇಳಿ ಮಾಡುವುದನ್ನು ಕಲಿತಿದ್ದಾರೆ. ಒಳ್ಳೆಯದೇ ಆಯಿತು.

ನವೆಂಬರ್ 27, ಗುರುವಾರ

ಹಿಂದಿನ ರಸ್ತೆಯ ಚಿಕ್ಕಗಂಗಮ್ಮ ಮಿಕ್ಸಿ ಹಿಡಿದುಕೊಂಡು ಬಂದಿದ್ದಳು. ಅದು ಎರಡು ನಿಮಿಷದ ಕೆಲಸ, ಮೋಟಾರಿನ ಕಾರ್ಬನ್ ಬ್ರಷ್ ಬದಲಾಯಿಸಿದರೆ ಸರಿ. ಇಪ್ಪತ್ತು ವರ್ಷದಿಂದ ಅವಳ ಮನೆಯ ಮಿಕ್ಸಿ ಇವರೇ ನೋಡುವುದು.

"ನಂಗೆ ಗೊತ್ತಾಗಲ್ಲಮ್ಮ. ಬೇರೆ ಕಡೆ ತೋರ್ಸಿ," ಅಂದರಂತೆ.

"ಹಂಗ್ಯಾಕಂದ್ರು ವರಲಕ್ಷ್ಮಿ? ನನ್ ಮೇಲೇನಾದ್ರೂ ಬೇಜಾರಾ?" ಅಂತ ಅವಳು ನನ್ನನ್ನು ಕೇಳಿದಳು. ವಯಸ್ಸಾಯಿತಲ್ಲ, ಸೋಮಾರಿತನ ಅಂದೆ. ವ್ಯಾನಿನ ಪರದೆಗೆ ಬಟ್ಟೆ ಕತ್ತರಿಸುತ್ತಿದ್ದೆ, ಹೆಚ್ಚು ಮಾತಾಡಲು ಪುರುಸೊತ್ತಿರಲಿಲ್ಲ.

ಡಿಸೆಂಬರ್ 12, ಶುಕ್ರವಾರ

ನಾಳೆ ಮತ್ತೆ ಹೊರಟಿದ್ದೇನೆ. ಇವರು ಬರುವುದಿಲ್ಲವಂತೆ. "ನೀನ್ ಹೋಗ್ಬಾ," ಅಂದರು. ಲಕ್ಷ್ಮವ್ವ ಬರುತ್ತಾಳೆ. ನನ್ನ ವ್ಯಾನಿನಲ್ಲಿ ಇಬ್ಬರು ಹೆಂಗಸರಿಗೆ ಮಂಚ ಸರಿಹೋಗುತ್ತದೆ. ಇವರು ಕಾಲು ಚಾಚಿದರೆ ನನಗೆ ಜಾಗವೇ ಇರುತ್ತಿರಲಿಲ್ಲ.

ಡಿಸೆಂಬರ್ 14, ಭಾನುವಾರ

ಎರಡು ದಿನ ನಕ್ಕಿದ್ದೇ ನಕ್ಕಿದ್ದು. ಲಕ್ಷ್ಮವ್ವ ರೊಟ್ಟಿ ಕಟ್ಟಿಕೊಂಡು ಬಂದಿದ್ದಳು. ಹೊಸ ಲೈಟು ಕೆರೆ ದಡದವರೆಗೆ ಬೆಳಕು ಚೆಲ್ಲುತ್ತದೆ. ಒಂದು ಮಾತು ಮಾತ್ರ ಅವಳು ಅಂದದ್ದು ಸರಿಯಾಗಲಿಲ್ಲ. "ಯಕ್ಕಾ, ನಿಮ್ಮ ಮನ್ಯಾವ್ರು ಈ ಗಾಡಿ ಮುಂದ ಕುಂತು ಎಷ್ಟು ನಗ್ತಿದ್ರಲ್ರಿ. ಈಗ ಮಾತಾಡಿಸಿದ್ರೂ ಮಾತಾಡಂಗಿಲ್ಲ. ಏನಾತ್ರಿ?" ಅಂದಳು. ಏನೂ ಆಗಿಲ್ಲ, ರೊಟ್ಟಿ ತಿನ್ನು ಅಂದೆ.

ಸಂಜೆ ಆರೂವರೆಗೆ ಮನೆಗೆ ಬಂದೆ. ರಸ್ತೆಯಲ್ಲೆಲ್ಲ ಲೈಟಿದೆ, ಮಹಡಿಯಲ್ಲೂ ಇದೆ, ನಮ್ಮ ಮನೆ ಮಾತ್ರ ಕತ್ತಲು. ಬೆಲ್ ಒತ್ತಿದೆ, ಸದ್ದಿಲ್ಲ. ಬಾಗಿಲು ತಟ್ಟಿದೆ. ಇವರು ಮೇಣದಬತ್ತಿ ಹಿಡಿದುಕೊಂಡು ಬಂದರು.

"ಏನಾಗಿದೆ?"

"ನಿನ್ನೆ ಬೆಳಿಗ್ಗೆ ನೀನು ಹೋದ ಸ್ವಲ್ಪ ಹೊತ್ತಿಗೆ ಹೋಯ್ತು. ಫ್ಯೂಸ್ ಅನ್ಸುತ್ತೆ."

"ಅನ್ಸುತ್ತೆ ಅಂದ್ರೆ? ನೋಡಿಲ್ವಾ?"

"ಬೋರ್ಡ್ ತೆಗೆದಿದ್ದೆ," ಅಂದರು. "ನಾನು ಮುಟ್ಟಿ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಅಂತ... ನೀನು ಬರ್ಲಿ ಅಂತ ಕಾದೆ."

ನಮ್ಮ ಪೋರ್ಷನ್ನಿನದು ಹಳೇ ಪಿಂಗಾಣಿ ಫ್ಯೂಸ್. ಆ ಬೋರ್ಡನ್ನು ಕೂರಿಸಿದ್ದು ಇವರೇ, ನಾವು ಈ ಮನೆಗೆ ಬಂದ ವರ್ಷ. ಸುಟ್ಟುಹೋದ ಎಳೆ ಕಿತ್ತು ಹೊಸ ಎಳೆ ಸುತ್ತಿದರೆ ಮುಗಿಯಿತು. ಫ್ಯೂಸ್ ಎಳೆ ಸುತ್ತಿಟ್ಟ ಕಾರ್ಡು ಅಲ್ಲೇ ಬೋರ್ಡಿನ ಮೇಲಿತ್ತು. ಒಂದೂವರೆ ದಿನ ಅದರ ಕೆಳಗೆ ಕುರ್ಚಿ ಹಾಕಿಕೊಂಡು ಕೂತಿದ್ದಾರೆ.

ಟಾರ್ಚ್ ತಂದು ಅವರ ಕೈಗೆ ಕೊಟ್ಟೆ. ಬೆಳಕು ಗೋಡೆಯ ಮೇಲೆಲ್ಲ ಓಡಾಡುತ್ತಿತ್ತು. "ನೆಟ್ಟಗೆ ಹಿಡಕೊಳ್ರೀ," ಅಂದೆ. ಎಡಗೈಯಿಂದ ಬಲಗೈಯನ್ನು ಒತ್ತಿ ಹಿಡಿದುಕೊಂಡರು. ಎಳೆ ಸುತ್ತುವಾಗ ತಿರುಗಿ ನೋಡಿದೆ. ಅವರು ಬೋರ್ಡ್ ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದರು.

"ಹಿಂಗಾ? ಸರಿಯಾಗಿ ಹಿಡಿದಿದೀನಾ?" ಅಂದರು.

ಫ್ಯೂಸ್ ಒಳಗೆ ತಳ್ಳಿದೆ, ಲೈಟು ಬಂತು. ಎರಡು ನಿಮಿಷ. ಫ್ರಿಜ್ಜಿನಲ್ಲಿದ್ದ ಹಾಲು ಒಡೆದಿತ್ತು, ಚೆಲ್ಲಿದೆ. ನಾಲ್ಕು ಬ್ಲೌಸ್ ಬಾಕಿ ಇವೆ. ಮುಂದಿನ ಸಲ ಹೋಗುವಾಗ ಮಹಡಿಯವರಿಗೆ ಇತ್ತ ಒಂದು ಕಣ್ಣಿಡಲು ಹೇಳಿ ಹೋಗಬೇಕು.

ಟಾರ್ಚ್ ಹಿಡಿಯುವುದಕ್ಕೂ ಬರುವುದಿಲ್ಲ ಆ ಮನುಷ್ಯನಿಗೆ.